ಸೂಲಗಿತ್ತಿಗೆ ಕಲಿಸುವವರು ಯಾರು?

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೆರಿಗೆ ಸೇವೆಗಳ ಹೊಸ ಮಾರ್ಗಸೂಚಿ ಹೊರಡಿಸಿತು. ಅನುಭವಿ ನರ್ಸುಗಳಿಗೆ ಹದಿನೆಂಟು ತಿಂಗಳು ತರಬೇತಿ ಕೊಟ್ಟು, ಸಹಜ ಹೆರಿಗೆಯನ್ನು ತಾವೇ ನಿಭಾಯಿಸಬಲ್ಲ ಮಿಡ್‌ವೈಫ್‌ಗಳನ್ನು ತಯಾರು ಮಾಡುವ ಯೋಜನೆ ಅದು. ಅದೇ ತಿಂಗಳ 25ರಂದು ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಶಾಲೆಯ ಮುಖ ಕಾಣದ ಅವರು ಹದಿನೈದು ಸಾವಿರದಷ್ಟು ಹೆರಿಗೆ ಮಾಡಿಸಿದ್ದರು ಎನ್ನುತ್ತಾರೆ. ಪದ್ಮಶ್ರೀ ಬಂದದ್ದೂ ಅದೇ ವರ್ಷ. ಅವರ ವಿದ್ಯೆ ಅಜ್ಜಿ ಮರಿಗೆಮ್ಮನಿಂದ ಬಂದದ್ದು. ಪಕ್ಕದಲ್ಲಿ ಕೂತು, ನೋಡಿ, ಕೈಹಚ್ಚಿ ಕಲಿತದ್ದು.

ಆ ಕಲಿಕೆಗೆ ಮಿತಿಗಳಿದ್ದವು. ರಕ್ತ ನಿಲ್ಲದಿದ್ದಾಗ, ಮಗು ಅಡ್ಡ ಬಂದಾಗ ಅಜ್ಜಿಯ ವಿದ್ಯೆ ಸಾಕಾಗುತ್ತಿರಲಿಲ್ಲ. ಅದನ್ನು ಮರೆತು ಸೂಲಗಿತ್ತಿಯರನ್ನು ಹಾಡಿ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅವರ ಜಾಗಕ್ಕೆ ತಂದವರಿಗೆ ನಾವು ಹೇಗೆ ಕಲಿಸಿದೆವು ಎಂಬ ಲೆಕ್ಕವನ್ನೂ ನೋಡಬೇಕಲ್ಲ.

1885ರ ಡಫರಿನ್ ನಿಧಿ, 1903ರ ವಿಕ್ಟೋರಿಯಾ ಸ್ಮಾರಕ ನಿಧಿ, ಇವುಗಳ ಕಾಲದಿಂದಲೇ ಸೂಲಗಿತ್ತಿಯರಿಗೆ ಶುಚಿತ್ವ ಕಲಿಸುವ ಪ್ರಯತ್ನ ನಡೆದಿತ್ತು. 1946ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇದ್ದ ತರಬೇತಾದ ಮಿಡ್‌ವೈಫ್‌ಗಳು ಸುಮಾರು 5,000. ಸ್ವಾತಂತ್ರ್ಯ ಬಂದ ಮೇಲೆ ಈ ಕೊರತೆ ತುಂಬಲು ಸಹಾಯಕ ನರ್ಸ್-ಮಿಡ್‌ವೈಫ್, ಅಂದರೆ ಎಎನ್‌ಎಂ ಬಂದಳು. ಹಳ್ಳಿಯಲ್ಲಿ ಅವಳು ಬರೀ 'ನರ್ಸಮ್ಮ'. ಶುರುವಿನಲ್ಲಿ ಹೆರಿಗೆಯೇ ಅವಳ ಮುಖ್ಯ ಕೆಲಸವಾಗಿತ್ತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಅವಳನ್ನು ಬಹೂದ್ದೇಶ ಕಾರ್ಯಕರ್ತೆಯಾಗಿಸಲು ಸೂಚಿಸಿತು. ಲಸಿಕೆ, ಕುಟುಂಬ ಯೋಜನೆಯ ಗುರಿ, ರಿಜಿಸ್ಟರುಗಳು ಹೆಗಲೇರಿದವು. ಎರಡು ವರ್ಷದ ತರಬೇತಿ 1977ರ ಹೊತ್ತಿಗೆ ಹದಿನೆಂಟು ತಿಂಗಳಿಗೆ ಇಳಿಯಿತು. ಕೆಲಸ ಹೆಚ್ಚಿಸಿ ಕಲಿಕೆ ಕಡಿಮೆ ಮಾಡಿದ ಈ ತೀರ್ಮಾನದ ಬೆಲೆಯನ್ನು ಒಂದು ತಲೆಮಾರಿನ ಬಾಣಂತಿಯರು ತೆತ್ತರು ಎಂದೇ ನಾನು ತಿಳಿದಿದ್ದೇನೆ. ಈಗ ಅವಧಿ ಮತ್ತೆ ಎರಡು ವರ್ಷಕ್ಕೆ ಬಂದಿದೆ.

ಈ ಕ್ಷೇತ್ರದಲ್ಲಿ ಜಗತ್ತು ಕರ್ನಾಟಕದಿಂದ ಕಲಿತ ಪಾಠಗಳೂ ಇವೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ನಡೆಸಿದ ಪ್ರಯೋಗ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆರಿಗೆಗಳು, ಮಾಡಿಸಿದವರು ಎಎನ್‌ಎಂಗಳು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಈ ಮಾತ್ರೆಗೆ ಫ್ರಿಜ್ಜು ಬೇಡ, ಸೂಜಿ ಬೇಡ. ಉಪಕೇಂದ್ರದ ನರ್ಸಮ್ಮ ಈ ಕೆಲಸಕ್ಕೆ ಸಾಕು ಎಂಬುದು ಸಾಬೀತಾಯಿತು.

ಆ ಪ್ರಯೋಗದಲ್ಲಿ ಬಳಸಿದ ಇನ್ನೊಂದು ವಸ್ತು ನನಗೆ ಮಾತ್ರೆಗಿಂತ ಮುಖ್ಯವಾಗಿ ಕಾಣುತ್ತದೆ: ಬಾಣಂತಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸು. ಹೋದ ರಕ್ತವೆಲ್ಲ ಅದರ ತುದಿಯ ಚೀಲಕ್ಕಿಳಿದು ಎಷ್ಟು ಎಂದು ಕಾಣುತ್ತದೆ. ಬೆಳಗಾವಿಯಲ್ಲೇ ನಡೆದ ಹೋಲಿಕೆಯಲ್ಲಿ, ಕಣ್ಣಂದಾಜಿನ ಲೆಕ್ಕ ಹಾಸಿನ ಅಳತೆಗಿಂತ ಮೂರನೆಯ ಒಂದು ಪಾಲು ಕಡಿಮೆ ಬಂತು. ಬಟ್ಟೆಗೆ ಇಂಗಿದ ರಕ್ತದ ಅಂದಾಜು ಪುಸ್ತಕ ಓದಿ ಬರುವುದಿಲ್ಲ. ಅನುಭವಿಗಳಿಗೂ ಅದು ತಪ್ಪುತ್ತದೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಹಾಸಿನಲ್ಲಿ ಅಳೆದು, ಕೂಡಲೇ ಒಟ್ಟಾಗಿ ಚಿಕಿತ್ಸೆ ಕೊಡುವುದನ್ನು ಕಲಿಸಿದಾಗ ಗಂಭೀರ ರಕ್ತಸ್ರಾವದ ಪ್ರಕರಣಗಳು ಶೇ. 60ರಷ್ಟು ಇಳಿದವು.

ಮುಂದಿನ ಅಧ್ಯಾಯವೂ ಬೆಳಗಾವಿ ಜಿಲ್ಲೆಯದೇ. 2010ರಲ್ಲಿ ಗೋಕಾಕದ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು ಮೊದಲ ಸಲ ಪರೀಕ್ಷಿಸಿದರು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಮಗುವನ್ನು ತಾಯಿಯ ಮೈಗೆ ಹಚ್ಚುವುದು, ಹೀಗೆ ಒಟ್ಟು 29 ಕ್ರಮಗಳು. ಮೊದಲು ಒಂದು ಹೆರಿಗೆಗೆ ಸರಾಸರಿ 10 ಕ್ರಮ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25. ಈ ಉತ್ಸಾಹದಲ್ಲಿ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. 2017ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಪೆಚ್ಚಾದರು. ಮಾರ್ಗದರ್ಶಕರು ಬಂದುಹೋಗುತ್ತಿರುವವರೆಗೆ ಸಿಬ್ಬಂದಿ ಕ್ರಮ ಪಾಲಿಸಿದರು; ಭೇಟಿ ನಿಂತಂತೆ ಪಾಲನೆಯೂ ಇಳಿಯಿತು. ತಾಯಿ-ಮಕ್ಕಳ ಸಾವಿನ ಪ್ರಮಾಣ ಮಾತ್ರ ಕದಲಲಿಲ್ಲ. ಯಶಸ್ಸಿನ ಹತ್ತು ವರದಿಗಳಿಗಿಂತ ಈ ಒಂದು ಸೋಲು ಹೆಚ್ಚು ಕಲಿಸಿದೆ.

ಅಷ್ಟರಲ್ಲಿ ಉತ್ತರ ಕರ್ನಾಟಕದಲ್ಲಿ ಬೇರೊಂದು ದಾರಿ ಹಿಡಿದಿದ್ದರು. 'ಸುಕ್ಷೇಮ' ಯೋಜನೆಯಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸೇರಿ ನರ್ಸುಗಳನ್ನೇ ಮಾರ್ಗದರ್ಶಕರಾಗಿ ತಯಾರು ಮಾಡಿದವು. ಅವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೆಲವು ದಿನ ಉಳಿದು, ಅಲ್ಲಿನ ಸಿಸ್ಟರ್‌ಗಳ ಜೊತೆ ಹೆರಿಗೆ ಕೋಣೆಯಲ್ಲೇ ಕೆಲಸ ಮಾಡಿ ಕಲಿಸುತ್ತಿದ್ದರು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಿಬ್ಬಂದಿಯ ತಿಳಿವಳಿಕೆಯೂ ಕೇಂದ್ರಗಳ ಸಿದ್ಧತೆಯೂ ಸುಧಾರಿಸಿದ್ದು ಕಂಡಿತು. ಕಲಿಸುವವರು ವೈದ್ಯರಾಗಿರದೆ ನರ್ಸುಗಳೇ ಆಗಿದ್ದರಿಂದ ಸಿಸ್ಟರ್‌ಗಳು ಅಂಜದೆ ಪ್ರಶ್ನೆ ಕೇಳುವಂತಾಯಿತು ಎಂಬುದು ನನ್ನ ಊಹೆ. ಹಾಗೆಂದು ಕಲಿಕೆಯೊಂದೇ ಎಲ್ಲವನ್ನೂ ಕಾಯುವುದಿಲ್ಲ. 2024ರ ನವೆಂಬರಿನಲ್ಲಿ ಅದೇ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಮೂಡಿದ್ದು ಅವರಿಗೆ ಏರಿಸಿದ ಐವಿ ದ್ರಾವಣದ ಮೇಲೆ.

ನಾನಿರುವ ಕ್ಯಾಲಿಫೋರ್ನಿಯಾದ ಲಾ ಹೋಯಾದ ಕಡೆಯಿಂದ ನೋಡಿದರೆ ಇದೆಲ್ಲ ಬಡ ದೇಶದ ಪಾಡು ಎನಿಸಬಹುದು. ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರ್ಸ್-ಮಿಡ್‌ವೈಫ್‌ಗಳೂ ಹೆರಿಗೆ ಮಾಡಿಸುತ್ತಾರೆ. 2010ರಿಂದ ಈಚೆಗೆ ಆ ವೃತ್ತಿಗೆ ಬರುವವರಿಗೆ ಸ್ನಾತಕೋತ್ತರ ಪದವಿ ಕಡ್ಡಾಯ. ಆದರೆ ಅಮೆರಿಕದ ಕಥೆ ಬಹಳ ಹಳೆಯದಲ್ಲ. 1925ರಲ್ಲಿ ಕೆಂಟಕಿಯ ಗುಡ್ಡಗಾಡಿನಲ್ಲಿ ಸೇವೆ ಶುರುಮಾಡಿದ ಮೇರಿ ಬ್ರೆಕಿನ್‌ರಿಜ್ ಈ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಕ್ಯಾಲಿಫೋರ್ನಿಯಾದ ನರ್ಸ್-ಮಿಡ್‌ವೈಫ್‌ಗಳು ವೈದ್ಯರ ಮೇಲ್ವಿಚಾರಣೆಯಿಂದ ಹೊರಬರಲು ಅವಕಾಶ ಕೊಟ್ಟ ಕಾನೂನು ಬಂದದ್ದು 2020ರಲ್ಲಿ, ಅದೂ ಷರತ್ತುಗಳ ಮೇಲೆ.

ಅಂತರರಾಷ್ಟ್ರೀಯ ಮಿಡ್‌ವೈಫ್ ಒಕ್ಕೂಟ 2010ರಲ್ಲಿ ಹಾಕಿಕೊಟ್ಟ ಮಾನದಂಡದ ಪ್ರಕಾರ ನೇರ ಸೇರಿದವರಿಗೆ ಕನಿಷ್ಠ ಮೂರು ವರ್ಷ, ನರ್ಸಿಂಗ್ ಆದವರಿಗೆ ಹದಿನೆಂಟು ತಿಂಗಳು ಕಲಿಕೆ ಬೇಕು. ಪಠ್ಯದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಪ್ರಾಯೋಗಿಕ ಕೆಲಸವಿರಬೇಕು. ಕಲಿಸುವವರು ಮುಖ್ಯವಾಗಿ ಮಿಡ್‌ವೈಫ್‌ಗಳೇ ಆಗಿರಬೇಕು. ಭಾರತದ 2018ರ ಯೋಜನೆಯ ಅವಧಿಯೂ ಇದಕ್ಕೆ ಹೊಂದುತ್ತದೆ. ತೊಡಕಿರುವುದು ಕೊನೆಯ ಎರಡು ಷರತ್ತುಗಳಲ್ಲಿ. ನಮ್ಮ ಎಷ್ಟೋ ಖಾಸಗಿ ನರ್ಸಿಂಗ್ ಕಾಲೇಜುಗಳಿಗೆ ಸ್ವಂತ ಹೆರಿಗೆ ವಾರ್ಡೇ ಇಲ್ಲ. ಒಂದು ಹೆರಿಗೆಯ ಸುತ್ತ ಹತ್ತಾರು ವಿದ್ಯಾರ್ಥಿನಿಯರು ನಿಂತು ನೋಡಿ, ರೆಕಾರ್ಡ್ ಬುಕ್ಕಿನಲ್ಲಿ 'ಮಾಡಿಸಿದ್ದು' ಎಂದು ಬರೆಯುತ್ತಾರೆ. ಕಲಿಸುವವರಲ್ಲಿ ಹಲವರು ಪದವಿ ಮುಗಿಸಿ ನೇರ ಪಾಠಕ್ಕೆ ಬಂದವರು. ಇದಕ್ಕೆಂದೇ ಹೊಸ ಯೋಜನೆ ಮೊದಲು ಬೋಧಕಿಯರನ್ನು ತಯಾರು ಮಾಡಹೊರಟಿತು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಅದರ ಮೊದಲ ಕೇಂದ್ರಗಳಲ್ಲೊಂದು.

2019-21ರ ಹೊತ್ತಿಗೆ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿತ್ತು. 2001-03ರಲ್ಲಿ ಲಕ್ಷ ಜನನಕ್ಕೆ 228 ಇದ್ದ ತಾಯಿ ಮರಣ 2018-20ಕ್ಕೆ 69ಕ್ಕೆ ಇಳಿದಿದೆ. ಆದರೂ ದಕ್ಷಿಣದ ಐದು ರಾಜ್ಯಗಳಲ್ಲಿ ಕರ್ನಾಟಕದ್ದೇ ಹೆಚ್ಚು. ಆಸ್ಪತ್ರೆಗೆ ಕರೆತರುವ ಕೆಲಸ ಮುಗಿಯುತ್ತ ಬಂದಿದೆ. ಬಂದ ಮೇಲೆ ತಾಯಿ ಯಾರ ಕೈಗೆ ಸಿಗುತ್ತಾಳೆ ಎಂಬುದು ಬಾಕಿ ಇದೆ. ಸ್ಯಾನ್ ಡಿಯಾಗೋ, ಲಾಸ್ ಏಂಜಲೀಸಿನ ಕನ್ನಡಿಗರು ಊರಿಗೆ ಏನಾದರೂ ಮಾಡಬೇಕೆಂದು ಹೊರಟಾಗ ಕೊಡುವುದು ಸಾಮಾನ್ಯವಾಗಿ ಯಂತ್ರ, ಕಟ್ಟಡ, ತರಬೇತಿಗೆ ಬಳಸುವ ಗೊಂಬೆ. ಮುಂದಿನ ಸಲ ನಿಮ್ಮ ತಾಲ್ಲೂಕಿನ ನರ್ಸಿಂಗ್ ಶಾಲೆಗೆ ಹಣ ಕೊಡುವ ಮೊದಲು, ಅಲ್ಲಿ ಕಲಿಸುವವರಲ್ಲಿ ಕಳೆದ ವರ್ಷ ತಮ್ಮ ಕೈಯಾರೆ ಹೆರಿಗೆ ಮಾಡಿಸಿದವರು ಎಷ್ಟು ಜನ ಎಂದು ಕೇಳಿ. ಉತ್ತರ ಸೊನ್ನೆಯಾದರೆ, ಆ ಹಣವನ್ನು ಅಂಥ ಒಬ್ಬ ಸಿಸ್ಟರ್‌ನ ಸಂಬಳಕ್ಕೆ ಕೊಡಿ.