ಫೋನ್ ಕಾಕಾ, ಪಿಂಗ್ ಮತ್ತು ನಮ್ಮನಿ ಡಬ್ಬಿ

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರ್ಲಿಲ್ಲ ಅಂತಲ್ಲ, ನೆಟ್ಟೇ ಇರ್ಲಿಲ್ಲ :) ಇದ್ದಾಗಲೂ ಯಾವ ಗಳಿಗೆಯಲ್ಲಿ ಹೋಗುತ್ತೋ ಅನ್ನೋ ಭಯ. ಈಗ ಸರಿಹೋಗಿದೆ. ಹೇಗೆ ಸರಿಹೋಯ್ತು ಅಂತ ಬರೆಯೋಕೆ ಕೂತರೆ ಅದು ನೂರೈವತ್ತು ವರ್ಷದ ಹಿಂದಕ್ಕೆ ಎಳೀತಿದೆ. ಸ್ವಲ್ಪ ಉದ್ದ ಆಗಬಹುದು, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

ಹೊಸಬರಿಗೆ ಒಂದು ಮಾತು. ನಮ್ಮೂರು ಮುಧೋಳದ ಹತ್ತಿರದ ತಿಮ್ಮಾಪುರ. ಹೆಸರು ಹೇಳಿದರೆ ಸುತ್ತಲಿನವರಿಗೆ ಮೊದಲು ನೆನಪಾಗೋದು ರೈತರ ಸಹಕಾರಿ ಸಕ್ಕರೆ ಕಾರ್ಖಾನೆ. ಅಪ್ಪನ ಸೊಂಟದ ಮೂಳೆ ಮುರಿದ ಮೇಲೆ ಬೆಂಗಳೂರಿನ ರೂಮು ಖಾಲಿ ಮಾಡಿ ಇಲ್ಲಿಗೆ ಬಂದೆ. ಆಫೀಸಿನವರು ಮನೆಯಿಂದಲೇ ಕೆಲಸ ಮಾಡು ಅಂದರು, ಒಂದು ಷರತ್ತಿನ ಮೇಲೆ: ನೆಟ್ ಸರಿ ಇರಬೇಕು. ಸರಿ ಇರಲಿಲ್ಲ. ಮೀಟಿಂಗಿನ ನಡುವೆ ನಾನು ಬಾಯಿ ತೆರೆದ ಭಂಗಿಯಲ್ಲೇ ಕಲ್ಲಾಗಿಬಿಡ್ತಿದ್ದೆ. ಕೊನೆಗೆ ಬಾಸ್ ಮೆತ್ತಗೇ ಹೇಳಿದ್ರು, "ಇನ್ನೊಂದು ತಿಂಗಳು ನೋಡೋಣ, ಆಗಲಿಲ್ಲ ಅಂದ್ರೆ ವಾಪಸ್ ಬಂದುಬಿಡಿ". ಅಪ್ಪನಿಗೆ ಇದನ್ನ ಹೇಳಲಿಲ್ಲ. ಒಳಗಿನ ಮಂಚದಿಂದ ದಿನಾ ಒಂದೇ ಪ್ರಶ್ನೆ: "ಮತ್ತ ಹೋತೇನೋ?" "ಹೂನಪಾ, ಹೋತು."

ಮೊದಲ ಸಲ ಹೋದದ್ದಕ್ಕೆ ಕಾರಣ ಹುಡುಕೋದೇ ಬೇಕಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಅದರ ಮೇಲೆ ಮಾಳಿಗೆ ಎತ್ತರ ಕಬ್ಬು. ರಸ್ತೆಗೆ ಅಡ್ಡವಾಗಿ ಜೋತುಬಿದ್ದ ಫೈಬರ್ ತಂತಿ ಕಬ್ಬಿಗೆ ಸಿಕ್ಕಿ ಹರೀತು. ಡಬ್ಬಿ ಮೇಲೆ ಕೆಂಪು ದೀಪ. ಹೊರಗೆ ಬಂದು ನೋಡಿದ್ರೆ ತಂತಿ ರಸ್ತೆ ಮೇಲೆ. ಒಂದೂವರೆ ದಿನಕ್ಕೆ ಜೋಡಿಸಿಕೊಟ್ಟರು. ಇಂಥ ತೊಂದರೆ ಒಳ್ಳೇದು, ತಾನೇ ಬಂದು ಹೆಸರು ಹೇಳುತ್ತೆ. ಹೆಸರು ಹೇಳದೆ ಬಂದು ಹೋಗೋದು ಇದೆಯಲ್ಲ, ಅದು ಜೀವ ತಿನ್ನುತ್ತೆ. ಹತ್ತು ನಿಮಿಷ ಇರೋದು, ಎರಡು ನಿಮಿಷ ಹೋಗೋದು, ರಿಪೇರಿಯವನು ಬಂದಾಗ ಮಾತ್ರ ಮದುಮಗನ ಹಾಗೆ ಕೂತಿರೋದು. ಬಂದ ಹುಡುಗ, "ರೂಟರ್ ಚೇಂಜ್ ಮಾಡ್ರಿ ಸರ" ಅಂದ. ತಮ್ಮ ಮೂರು ಡಬ್ಬಿಯ ಮೆಶ್ ಸೆಟ್ಟಿನ ಲಿಂಕು ಕಳಿಸಿದ. ಹಣ ಕಟ್ಟೋಕೆ ಬೆರಳು ಇಟ್ಟಿದ್ದೆ.

ಅವತ್ತು ಸಂಜೆ ಫೋನ್ ಕಾಕಾ ಬಂದಿದ್ರು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ಅಪ್ಪನ ಜೊತೆ ಚಹಾ ಕುಡಿಯೋಕೆ ದಿನಾ ಬರ್ತಾರೆ. ನನ್ನ ಗೋಳು ಕೇಳಿ ಅವರು ಅಂದದ್ದು ಒಂದೇ ಮಾತು: "ಮೊದ್ಲ ಮನಿ ತಗದು ಹೊರಗಿಡೋ ತಮ್ಮಾ."

ಅರ್ಥ ಆಗಲಿಲ್ಲ. ಬಿಡಿಸಿ ಹೇಳಿದ್ರು. ಫೋನ್ ಕೆಟ್ಟಿದೆ ಅಂತ ದೂರು ಬಂದರೆ ಲೈನ್‌ಮನ್ ನೇರ ಫೋನಿಗೆ ಕೈ ಹಾಕ್ತಿರಲಿಲ್ಲ. ಹೊರಗೋಡೆಯ ಡಬ್ಬಿಯಲ್ಲಿ ಮನೆಯೊಳಗಿನ ತಂತಿ ಬಿಚ್ಚಿ, ಹೊರಗಿನ ತಂತಿಗೆ ತನ್ನ ಟೆಸ್ಟ್ ಫೋನ್ ಹಚ್ಚಿ ಕೇಳ್ತಿದ್ದ. ಟೋನ್ ಬಂತಾ? ಹಾಗಾದ್ರೆ ತಪ್ಪು ಮನೆಯೊಳಗೆ. ಬರಲಿಲ್ವಾ? ಕಂಬ ಹತ್ತು, ಅಲ್ಲಿ ಕೇಳು. ಅಲ್ಲೂ ಇಲ್ವಾ, ಮುಂದಿನ ಡಬ್ಬಿ. ಹೀಗೆ ಇಡೀ ಲೈನನ್ನ ತುಂಡು ತುಂಡು ಮಾಡಿ, ಸುಳ್ಳು ಹೇಳ್ತಿರೋ ತುಂಡು ಯಾವುದು ಅಂತ ಹಿಡಿಯೋದು.

ಈ ವಿದ್ಯೆ ಬಹಳ ಹಳೇದು ನೋಡ್ರಿ. ನಮ್ಮ ದೇಶದಲ್ಲಿ ಟೆಲಿಗ್ರಾಫ್ ಶುರುವಾಗಿದ್ದು 1851ರಲ್ಲಿ, ಕಲ್ಕತ್ತದಿಂದ ಡೈಮಂಡ್ ಹಾರ್ಬರಿಗೆ. ಹಾಕಿಸಿದವರು ಓಶಾನೆಸ್ಸಿ ಅನ್ನೋ ಡಾಕ್ಟರು. ತಂತಿ ಉದ್ದ ಆದ ಹಾಗೆ, ಆಮೇಲೆ ಸಮುದ್ರದ ತಳದಲ್ಲೂ ಹಾಯ್ದ ಹಾಗೆ, ಎಲ್ಲಿ ಕೆಟ್ಟಿದೆ ಅಂತ ಕಂಡುಹಿಡಿಯೋದೇ ಒಂದು ಶಾಸ್ತ್ರ ಆಯ್ತು. ಒಂದು ಮೈಲಿ ತಂತಿ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತೆ ಅಂತ ಗೊತ್ತಿದ್ದರೆ, ದಡದಲ್ಲಿ ಕೂತು ತಡೆ ಅಳೆದು, ಇಂತಿಷ್ಟು ಮೈಲಿಯಾಚೆ ತೊಂದರೆ ಇದೆ ಅಂತ ಲೆಕ್ಕ ಹಾಕಬಹುದು. ವಾರ್ಲಿ, ಮರ್ರೆ ಅನ್ನೋ ತಂತಿ ಎಂಜಿನಿಯರುಗಳ ಹೆಸರಿನ ಪರೀಕ್ಷೆಗಳು ಈಗಲೂ ಪಠ್ಯಪುಸ್ತಕದಲ್ಲಿವೆ.

ಕಾಕಾನ ಕಾಲದ ಸಾಮಾನೂ ಸ್ವಲ್ಪ ಹೇಳಬೇಕು. ಸ್ವತಂತ್ರ ಭಾರತದ ಟೆಲಿಫೋನು ಹುಟ್ಟಿದ್ದೇ ಕರ್ನಾಟಕದಲ್ಲಿ ಅಂದರೂ ನಡೆಯುತ್ತೆ. ಬೆಂಗಳೂರಿನ ಐಟಿಐ 1948ರದ್ದು. ಅದರ ಸುತ್ತ ಬೆಳೆದ ಬಡಾವಣೆಗೆ ಹೆಸರೇ ದೂರವಾಣಿ ನಗರ. ಆದರೆ ಹಳ್ಳಿಗೆ ಫೋನ್ ಬರೋಕೆ ಇನ್ನೊಂದು ಯಂತ್ರ ಬೇಕಾಯ್ತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅವರು ಮಾಡಿದ 128 ಪೋರ್ಟಿನ ಚಿಕ್ಕ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ನಮ್ಮ ಕರ್ನಾಟಕದ ಕಿತ್ತೂರಿನಲ್ಲೇ ಶುರುವಾಯ್ತು. ಅದರ ದೊಡ್ಡ ಗುಣ ಏನಂದ್ರೆ ಏಸಿ ಬೇಡ. ಧೂಳಿನಲ್ಲಿ, ಬಿಸಿಲಿನಲ್ಲಿ, ಹೇಗೆಂದರೆ ಹಾಗೆ ಬರೋ ಕರೆಂಟಿನಲ್ಲಿ ಬದುಕೋ ಹಾಗೆ ಅದನ್ನ ಮಾಡಿದ್ದರು. ಈ ಕರೆಂಟಿನ ಮಾತು ನೆನಪಿಡಿ, ಆಮೇಲೆ ಬರುತ್ತೆ.

ಇನ್ನು ನಮ್ಮ ಮನೆಯ ಡಬ್ಬಿ. ಅದರ ಮುತ್ತಜ್ಜನ ಹೆಸರು ಐಎಂಪಿ. ಫ್ರಿಜ್ಜಿನಷ್ಟು ದೊಡ್ಡದು. 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ಇಂಥ ಎರಡು ಯಂತ್ರಗಳ ಮೂಲಕ ಒಂದು ಕಂಪ್ಯೂಟರು ಇನ್ನೊಂದಕ್ಕೆ 'ಲಾಗಿನ್' ಅಂತ ಕಳಿಸೋಕೆ ಹೊರಟಿತು. ಎರಡು ಅಕ್ಷರ ಹೋದ ಮೇಲೆ ಆ ಕಡೆಯದು ಕುಸಿದುಬಿತ್ತು. ಇಂಟರ್ನೆಟ್ಟಿನ ಮೊದಲ ದಿನವೇ ನೆಟ್ ಹೋಗಿತ್ತು ಅಂತ ಅಪ್ಪನಿಗೆ ಹೇಳಿದೆ. ಅವರಿಗೇನೂ ಸಮಾಧಾನ ಆಗಲಿಲ್ಲ.

ನಮ್ಮ ದೇಶದಲ್ಲಿ 1986ರಲ್ಲಿ ಶುರುವಾದ ಅರ್ನೆಟ್‌ನಲ್ಲಿ ಐಐಟಿಗಳ ಜೊತೆ ಬೆಂಗಳೂರಿನ ಐಐಎಸ್ಸಿಯೂ ಇತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಆಗ ಮನೆಯಲ್ಲಿ ರೂಟರ್ ಎಲ್ಲಿಂದ ಬರಬೇಕು? ಮೋಡೆಮ್ ಕಿರ್ರೋ ಅಂತ ಕೂಗೋದು, ಒಂದೇ ಕಂಪ್ಯೂಟರು, ಅವ್ವ ಫೋನ್ ಎತ್ತಿದ್ರೆ ನೆಟ್ ಕಟ್. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ಲಿನ ಡಾಟಾವನ್ ಬಂದಾಗ 256 ಕೆಬಿಪಿಎಸ್ಸಿಗೇ ಬ್ರಾಡ್‌ಬ್ಯಾಂಡ್ ಅನ್ನೋ ಪಟ್ಟ. ಅದರಲ್ಲೇ ನಮ್ಮಂಥವರು ಬ್ಲಾಗು ಶುರುಮಾಡಿದ್ದು, ನೆನಪಿದೆಯಲ್ವಾ? :)

ಅಲ್ಲಿಂದ ಮುಂದೆ ಆದದ್ದೆಲ್ಲ ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನ ತುಂಬಿದ ಕಥೆ. ಲೈನಿನ ಭಾಷೆಯನ್ನ ಕಂಪ್ಯೂಟರಿನ ಭಾಷೆಗೆ ತಿರುಗಿಸೋ ಮೋಡೆಮ್ಮು (ಫೈಬರಿನಲ್ಲಿ ಅದೇ ಓಎನ್‌ಟಿ). ಒಂದೇ ವಿಳಾಸವನ್ನ ಮನೆಮಂದಿಗೆಲ್ಲ ಹಂಚೋ ರೂಟರು. 'ನ್ಯಾಟ್' ಅನ್ನೋ ಆ ಉಪಾಯ ಕಾಗದಕ್ಕಿಳಿದದ್ದು 1994ರಲ್ಲಿ. ತಂತಿ ಚುಚ್ಚೋ ತೂತುಗಳ ಸ್ವಿಚ್ಚು. ಗಾಳಿಯಲ್ಲಿ ಕಳಿಸೋ ವೈಫೈ. ಅದರ ಮೊದಲ ಗುಣಮಟ್ಟ 1997ರದ್ದು, ವೇಗ 2 ಎಂಬಿಪಿಎಸ್. ಜೊತೆಗೆ ಹೊರಗಿಂದ ಒಂದು ಅಡಾಪ್ಟರು. ಬೇರೆಬೇರೆ ಇದ್ದ ಇವೆಲ್ಲ ಸೇರಿ ಒಂದೇ ಡಬ್ಬಿ ಆಯ್ತು, ನಾವು ಅದಕ್ಕೆ 'ರೂಟರ್' ಅಂದ್ವಿ. ಹಾಗಾಗಿ "ರೂಟರ್ ಕೆಟ್ಟಿದೆ" ಅನ್ನೋದು "ಊರಲ್ಲಿ ಯಾರಿಗೋ ಜ್ವರ" ಅಂದಷ್ಟೇ ಆಯ್ತು. ಕಾಕಾ ಹೇಳಿದ ಹಾಗೆ ಮಾಡಬೇಕಾದ್ರೆ ಈ ಡಬ್ಬಿಯನ್ನ ಮನಸ್ಸಿನಲ್ಲಿ ಮತ್ತೆ ಬಿಚ್ಚಿ ತುಂಡು ಮಾಡಬೇಕು.

ಮೊದಲು ವೈಫೈ ಹೊರಗಿಟ್ಟೆ. ಲ್ಯಾಪ್‌ಟಾಪಿಗೆ ತಂತಿ ಹಾಕಿ ಎರಡು ಕಿಟಕಿಯಲ್ಲಿ ಪಿಂಗ್ ಶುರುಮಾಡಿದೆ, ಒಂದು ನಮ್ಮ ಡಬ್ಬಿಗೆ (192.168.1.1), ಇನ್ನೊಂದು ಹೊರಗಿನ ಒಂದು ವಿಳಾಸಕ್ಕೆ. ಪಿಂಗ್ ಬರೆದವರು ಮೈಕ್ ಮೂಸ್, ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿದ್ದವರು. 1983ರ ಡಿಸೆಂಬರಿನಲ್ಲಿ ನೆಟ್‌ವರ್ಕ್ ವಿಚಿತ್ರವಾಗಿ ಆಡ್ತಿದೆ ಅಂತ ಒಂದೇ ರಾತ್ರಿ ಕೂತು ಬರೆದದ್ದಂತೆ. ಜಲಾಂತರ್ಗಾಮಿಗಳು ಶಬ್ದ ಕಳಿಸಿ ಪ್ರತಿಧ್ವನಿ ಕೇಳ್ತಾವಲ್ಲ, ಆ ಶಬ್ದದ ಹೆಸರು ಇಟ್ಟರು. ನನ್ನ ಪಾಲಿಗೆ ಅದು ಕಾಕಾನ ಟೆಸ್ಟ್ ಫೋನು. ಹೊರಗಿನ ಪಿಂಗ್ ಮಾತ್ರ ನಿಂತರೆ ತಪ್ಪು ಹೊರಗೆ, ಎರಡೂ ನಿಂತರೆ ಒಳಗೆ.

ಎರಡೂ ಒಟ್ಟಿಗೇ ನಿಂತವು. ಅದೂ ತಂತಿಯಲ್ಲಿ! ಇಷ್ಟು ದಿನ ಕಂಪನಿಯವರನ್ನ ಬೈದದ್ದು ನೆನಪಾಗಿ ನಾಚಿಕೆ ಆಯ್ತು. ಡಬ್ಬಿಯ ಪುಟ ತೆರೆದು ನೋಡಿದೆ. ಬೆಳಕಿನ ಅಳತೆ ಮೈನಸ್ 21 ಡಿಬಿಎಂ. ಮೈನಸ್ 27ರವರೆಗೆ ನಡೆಯುತ್ತೆ, ಅಂದರೆ ಫೈಬರ್ ಗಟ್ಟಿ ಇದೆ. ಅದೇ ಪುಟದ ಮೂಲೆಯಲ್ಲಿ 'ಅಪ್‌ಟೈಮ್' ಅಂತ ಒಂದು ಸಾಲು: 3 ನಿಮಿಷ. ಬೆಳಿಗ್ಗೆಯಿಂದ ಯಾರೂ ಮುಟ್ಟದ ಡಬ್ಬಿ ಹುಟ್ಟಿ ಮೂರೇ ನಿಮಿಷ ಆಗಿದೆ ಅಂತಿದೆ!

"ಲೈಟ್ ಮಿಣುಕ್ ಅಂದ್ವೇನು ಆವಾಗ?" ಅಂದ್ರು ಕಾಕಾ.

ಅಂದಿದ್ದವು. ಅದು ನಮಗೆಷ್ಟು ರೂಢಿ ಅಂದ್ರೆ ಕಣ್ಣಿಗೇ ಬೀಳೋದಿಲ್ಲ. ಹೊಲದ ಲೈನಿಗೆ ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಏಳ್ತವೆ. ಮೋಟಾರು ಶುರುವಾಗೋ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಅದಕ್ಕೇ ಏನೋ, ಮನೆಯಲ್ಲೂ ವೋಲ್ಟೇಜ್ ಕುಸಿದು ಇನ್ವರ್ಟರ್ ಟಕ್ ಅಂತ ಬ್ಯಾಟರಿಗೆ ಹೊರಳುತ್ತೆ. ಹೊರಳೋಕೆ ಹಿಡಿಯೋದು ರೆಪ್ಪೆ ಬಡಿಯೋವಷ್ಟು ಹೊತ್ತು. ಒಳ್ಳೆಯ ಅಡಾಪ್ಟರ್ ಆದ್ರೆ ಒಳಗಿನ ಕೆಪಾಸಿಟರಿನಲ್ಲಿ ಇಟ್ಟುಕೊಂಡ ಕರೆಂಟಿನಿಂದ ಅಷ್ಟು ಹೊತ್ತು ತಳ್ಳಿಬಿಡುತ್ತೆ. ನಮ್ಮದು ಐದು ಬೇಸಿಗೆ ಕಂಡದ್ದು, ಕೈ ಇಟ್ಟರೆ ರೊಟ್ಟಿ ಹಂಚು. ಕೆಪಾಸಿಟರಿನ ಜೀವ ಹೋಗಿತ್ತು. ಡಬ್ಬಿ ಸತ್ತು ಮತ್ತೆ ಎದ್ದು, ಫೈಬರಿನ ಆ ಕಡೆಯವರಿಗೆ ಪರಿಚಯ ಹೇಳ್ಕೊಂಡು ಬರೋಕೆ ಎರಡು ನಿಮಿಷ.

ಅಷ್ಟೇ ವೋಲ್ಟಿನ, ಅಷ್ಟೇ ಆಂಪಿಯರಿನ ಹೊಸ ಅಡಾಪ್ಟರ್ ಹಾಕಿದೆ. ಮೂರು ದಿನ ನೋಡಿದೆ. ದೀಪ ಮಿಣುಕಿದರೂ ಡಬ್ಬಿ ಅಲ್ಲಾಡಲಿಲ್ಲ. ಆಮೇಲೆ ಮುಂಜಾಗ್ರತೆಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನೂ ನಡುವೆ ಕೂರಿಸಿದೆ. ಒಟ್ಟು ಖರ್ಚು ಆ ಮೆಶ್ ಸೆಟ್ಟಿನ ಕಾಲು ಭಾಗವೂ ಆಗಲಿಲ್ಲ.

ಆದರೆ ಕಥೆ ಮುಗಿದಿರಲಿಲ್ಲ. ನಾನು ಕೂರೋದು ಹಿಂದಿನ ಕೋಣೆಯಲ್ಲಿ. ಪಡಸಾಲೆಯಿಂದ ಅಲ್ಲಿಗೆ ಬರೋಕೆ ಎರಡು ಕಲ್ಲಿನ ಗೋಡೆ, ಒಂದೊಂದೂ ಎರಡು ಅಡಿ ದಪ್ಪ. ತಮ್ಮ ಹಿಂದೊಮ್ಮೆ ಬಂದಾಗ ಹಳೇ ರೂಟರ್ ಒಂದನ್ನ ತಂತಿಯಲ್ಲಿ ಅಲ್ಲಿಗೆ ಜೋಡಿಸಿ ಹೋಗಿದ್ದ. ಅದರ ವಿಳಾಸವೂ 192.168.1.1! ಅದೂ ವಿಳಾಸ ಹಂಚ್ತಿತ್ತು, ಮುಂದಿನದೂ ಹಂಚ್ತಿತ್ತು. ಒಂದು ಮನಿಗೆ ಇಬ್ಬರು ಯಜಮಾನರು. ಯಾರ ಮಾತು ಮೊದಲು ಕಿವಿಗೆ ಬಿತ್ತೋ ಅದನ್ನ ಕೇಳಿ ಫೋನುಗಳು ದಾರಿ ತಪ್ತಿದ್ದವು. ಇದು ಬದಲಿಸಬೇಕಾದ ಸಾಮಾನೇ ಹೌದು, ತಂತ್ರಾಂಶಕ್ಕೆ ಅಪ್‌ಡೇಟ್ ಬಂದು ವರ್ಷಗಳಾಗಿದ್ದವು.

ಹೊಸದನ್ನ ಆರಿಸುವಾಗ ನಾನು ಕಲಿತದ್ದು ಹೇಳ್ತೀನಿ. ಡಬ್ಬದ ಮೇಲೆ 'ಎಸಿ 1200' ಅಂತ ಬರೆದಿರ್ತಾರಲ್ಲ, ಅದು 300 ಮತ್ತು 867 ಕೂಡಿಸಿ ದುಂಡಗೆ ಮಾಡಿದ ಸಂಖ್ಯೆ. ಎರಡು ಬ್ಯಾಂಡಿನ ಕಾಗದದ ಮೇಲಿನ ವೇಗದ ಮೊತ್ತ, ಯಾವ ಫೋನಿಗೂ ಅಷ್ಟು ಸಿಗೋದಿಲ್ಲ. ಹಾಗೆ ಬರೆದ ಎಷ್ಟೋ ಡಬ್ಬಿಗಳ ಹಿಂದಿನ ತೂತುಗಳು ಬರೀ 100 ಎಂಬಿಪಿಎಸ್ಸಿನವು. ಆಂಟೆನಾ ಎಣಿಸೋದಂತೂ ಎತ್ತಿನ ಕೋಡು ಎಣಿಸಿದ ಹಾಗೆ. ಗಿಗಾಬಿಟ್ ತೂತು, ವೈಫೈ 6, ಡಬ್ಲ್ಯೂಪಿಎ3, ಮುಖ್ಯವಾಗಿ 'ಆಕ್ಸೆಸ್ ಪಾಯಿಂಟ್' ಆಗಿ ಮಾತ್ರ ಕೆಲಸ ಮಾಡೋ ಅವಕಾಶ, 12 ವೋಲ್ಟಿನ ಅಡಾಪ್ಟರು: ಇಷ್ಟು ನೋಡಿದೆ. ಓಪನ್‌ಡಬ್ಲ್ಯೂಆರ್‌ಟಿ ಹಾಕೋಕೆ ಬರುತ್ತಾ ಅಂತಲೂ ನೋಡಿದೆ, ಅದು ನನ್ನ ಹಳೇ ಹುಚ್ಚು. ಲಿಂಕ್‌ಸಿಸ್‌ನ ನೀಲಿ-ಕಪ್ಪು ಡಬ್ಲ್ಯೂಆರ್‌ಟಿ54ಜಿ 2002ರ ಕೊನೆಗೆ ಬಂತು. ಅದರೊಳಗೆ ಲಿನಕ್ಸ್ ಇದೆ ಅಂತ ಗೊತ್ತಾಗಿ, ಜನ ಪಟ್ಟು ಹಿಡಿದು 2003ರಲ್ಲಿ ಸೋರ್ಸ್ ಕೋಡ್ ಹೊರಗೆ ತರಿಸಿದ್ರು. ಅದರಿಂದ 2004ರಲ್ಲಿ ಈ ಯೋಜನೆ ಹುಟ್ಟಿತು. ಕಂಪನಿ ಕೈಬಿಟ್ಟ ಎಷ್ಟೋ ಡಬ್ಬಿಗಳು ಅದರಿಂದ ಇನ್ನೂ ಬದುಕಿವೆ.

ಒಂದು ಭಿನ್ನಾಭಿಪ್ರಾಯ. "5 ಗಿಗಾಹರ್ಟ್ಜ್ ಮಾತ್ರ ಬಳಸಿ" ಅನ್ನೋ ಉಪದೇಶ ಎಲ್ಲ ಕಡೆ ಸಿಗುತ್ತೆ. ಅದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಾತು. ಅಲ್ಲಿ ಗೋಡೆಗೊಂದು ರೂಟರು, 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲು ಮೂರೇ. ನಮ್ಮ ಓಣಿಯಲ್ಲಿ ಹುಡುಕಿದ್ರೆ ಎರಡು ವೈಫೈ ಕಾಣ್ತವೆ. 5 ಗಿಗಾಹರ್ಟ್ಜ್ ನಮ್ಮ ಕಲ್ಲಿನ ಗೋಡೆ ಮುಟ್ಟಿ ಅಲ್ಲೇ ಕೂರುತ್ತೆ, 2.4 ಕಷ್ಟಪಟ್ಟಾದರೂ ದಾಟುತ್ತೆ. ಆದ್ದರಿಂದ ನಮ್ಮಲ್ಲಿ ಎರಡೂ ಇವೆ.

ಪಡಸಾಲೆಯಿಂದ ಹಿಂದಿನ ಕೋಣೆಗೆ ಹೊಸ ತಂತಿ ಎಳೆದೆ. ಅಂಗಡಿಯಲ್ಲಿ ಅಗ್ಗದ್ದು ಕೊಡ್ತಾರೆ, ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದದ್ದು. ಕೇಳಿ ಶುದ್ಧ ತಾಮ್ರದ್ದೇ ತಗೊಳ್ಳಿ. ತುದಿಗೆ ಹೊಸ ಡಬ್ಬಿ, ಆಕ್ಸೆಸ್ ಪಾಯಿಂಟ್ ಮಾತ್ರವಾಗಿ. ವಿಳಾಸ ಹಂಚೋ ಯಜಮಾನಿಕೆ ಮುಂದಿನ ಡಬ್ಬಿಯದೇ.

ಕಾಕಾ ಬಂದು ಎರಡನ್ನೂ ನೋಡಿ, ಅಡಾಪ್ಟರಿನ ಮೇಲೆ ಕೈಯಿಟ್ಟು, "ತಣ್ಣಗೈತಿ" ಅಂದ್ರು. ಬಾಸ್ ಹೇಳಿದ ತಿಂಗಳು ಕಳೆದು ಹೋಯ್ತು, ಅವರು ಆ ಮಾತು ಮತ್ತೆ ಎತ್ತಲಿಲ್ಲ. ಇವತ್ತು ಮುಂದಿನ ಡಬ್ಬಿಯ ಅಪ್‌ಟೈಮ್ 47 ದಿನ. ರಸ್ತೆ ಮೇಲಿನ ಫೈಬರ್ ಮಾತ್ರ ಇನ್ನೂ ಹಾಗೇ ಜೋತಾಡ್ತಿದೆ, ಎತ್ತರಕ್ಕೆ ಕಟ್ಟಿಕೊಡಿ ಅಂತ ಎರಡು ಸಲ ದೂರು ಕೊಟ್ಟಿದ್ದೀನಿ. ಹೊರಗೆ ಟ್ರ್ಯಾಕ್ಟರ್ ಸದ್ದಾದ್ರೆ ನಾನೂ ಅಪ್ಪನೂ ಒಟ್ಟಿಗೇ ಕಿಟಕಿ ಕಡೆ ತಿರುಗ್ತೀವಿ.