ಬ್ರಹ್ಮಗಿರಿಯ ಇಕ್ಕೆಲಗಳು: ಸಿ. ಕೆ. ಜಾನು ಮತ್ತು ಕೊಡಗಿನ ಎರವರು

ಕೊಡಗಿನ ಇತಿಹಾಸವನ್ನು ಬರೆದವರು ಹಾಲೇರಿ ಅರಸರನ್ನೂ, 1834ರಲ್ಲಿ ನಾಡು ಇಂಗ್ಲಿಷರ ವಶವಾದ ಬಗೆಯನ್ನೂ, ಕಾಫಿಯ ಏಳಿಗೆಯನ್ನೂ ವಿಸ್ತಾರವಾಗಿ ನಿರೂಪಿಸಿದ್ದಾರೆ. ಗದ್ದೆಯಲ್ಲಿ ನಾಟಿ ನೆಟ್ಟವರಿಗೆ ಅಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಈ ಕೊರತೆಯನ್ನು ತುಂಬಹೊರಟವರು ಬ್ರಹ್ಮಗಿರಿಯ ಆಚೆಗೂ ದೃಷ್ಟಿ ಹಾಯಿಸಬೇಕಾಗುತ್ತದೆ. ಕೃಷಿಕಾರ್ಮಿಕರ ನಾಯಕಿ ಸಿ. ಕೆ. ಜಾನು ಅವರನ್ನು ಕೇರಳದ ಚರಿತ್ರೆಗೆ ಮಾತ್ರ ಸೇರಿದವರೆಂದು ಎಣಿಸುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಜಾನು ಅವರು ವಯನಾಡಿನ ಮಾನಂತವಾಡಿಯ ಸಮೀಪದ ತೃಶ್ಶಿಲೇರಿಯವರು, ಅಡಿಯ ಜನಾಂಗದವರು. ಈ ಅಡಿಯರಿಗೂ ಕೊಡಗಿನ ಪಂಜಿರಿ ಎರವರಿಗೂ ಭೇದವಿಲ್ಲ. ಇಬ್ಬರೂ ತಮ್ಮನ್ನು ರಾವುಳರೆಂದೇ ಕರೆದುಕೊಳ್ಳುವರು, ಮನೆಮಾತೂ ಒಂದೇ. ಕುಟ್ಟದ ಬಳಿಯ ಗಡಿಯು ಒಂದು ಜನಕ್ಕೆ ಎರಡು ಸರ್ಕಾರಿ ಹೆಸರುಗಳನ್ನು ಕೊಟ್ಟಿತು, ಅಷ್ಟೆ.

ಹೆಸರಿಗಿಂತ ಹೆಚ್ಚಾಗಿ ಇವರನ್ನು ಕೂಡಿಸಿದ್ದು ಜೀತ. ಕೊಡಗಿನಲ್ಲಿ ಆಳುಗಳು ಎರಡು ಬಗೆಯವರಾಗಿದ್ದರು. ಭೂಮಿಜಮ್ಮದ ಆಳು ನೆಲಕ್ಕೆ ಕಟ್ಟುಬಿದ್ದವನು. ನೆಲವನ್ನು ಬಿಟ್ಟು ಅವನನ್ನು ಬೇರೆಡೆಗೆ ಒಯ್ಯುವಂತಿರಲಿಲ್ಲ. ಒಕ್ಕಲುಜಮ್ಮದ ಆಳು ಒಡೆಯನ ಮನೆತನದ ಸೊತ್ತು, ಅವನನ್ನು ಮಾರಬಹುದಾಗಿತ್ತು. ವಯನಾಡಿನಲ್ಲಿ ವಳ್ಳಿಯೂರುಕಾವಿನ ದೇವಿಯ ಉತ್ಸವಕಾಲದಲ್ಲಿ ಜಮೀನುದಾರರು ‘ನಿಲ್ಪುಪಣ’ವೆಂಬ ಮುಂಗಡವನ್ನಿತ್ತು ಅಡಿಯರನ್ನೂ ಪಣಿಯರನ್ನೂ ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ಅದೂ ದೇವಿಯ ಸನ್ನಿಧಿಯಲ್ಲಿ! ದಿನದ ಪ್ರತಿಫಲ ಒಂದಿಷ್ಟು ಭತ್ತ. 1843ರ ಐದನೆಯ ಕಾಯಿದೆಯು ಗುಲಾಮಗಿರಿಯ ಮಾನ್ಯತೆಯನ್ನು ತೆಗೆದುಹಾಕಿತು, ಜೀತ ಉಳಿಯಿತು. ಅದನ್ನು ರದ್ದುಪಡಿಸುವ ಕಾಯಿದೆ ಬಂದುದು 1976ರಲ್ಲಿ. ಇವೆರಡರ ನಡುವಣ 133 ವರ್ಷಗಳ ಅಂತರವೇ ಒಂದು ಸ್ವತಂತ್ರ ಸಂಶೋಧನೆಗೆ ಅರ್ಹವಾದ ವಿಷಯ.

ಜಾನು ಅವರು ಎಳೆಯ ವಯಸ್ಸಿನಲ್ಲೇ ಮನೆಗೆಲಸಕ್ಕೂ ಬಳಿಕ ಹೊಲದ ಕೂಲಿಗೂ ನಿಂತವರು. ಅಕ್ಷರ ಕಲಿತದ್ದು ಸಾಕ್ಷರತಾ ತರಗತಿಯಲ್ಲಿ. ಮೊದಲು ಅವರು ಕಮ್ಯುನಿಸ್ಟರ ಕೃಷಿಕಾರ್ಮಿಕ ಸಂಘದಲ್ಲಿದ್ದರು. ಸಂಘದ ಮಾತು ಕೂಲಿಯ ದರಕ್ಕೆ ಸೀಮಿತವಾಯಿತು, ನೆಲದ ಪ್ರಶ್ನೆ ಹಾಗೆಯೇ ಉಳಿಯಿತು ಎಂಬ ಅತೃಪ್ತಿಯಿಂದ ಅದನ್ನು ತೊರೆದರು. ಈ ನಿರ್ಗಮನವೇ ಅವರ ಜೀವನದ ತಿರುವೆಂದು ನಾವು ಭಾವಿಸುತ್ತೇವೆ. 2001ರಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ಗುಡಿಸಲು ಹಾಕಿ ನಡೆಸಿದ 48 ದಿನಗಳ ಸತ್ಯಾಗ್ರಹದ ಕೊನೆಗೆ ಸರ್ಕಾರವು ಭೂರಹಿತ ಆದಿವಾಸಿ ಕುಟುಂಬಗಳಿಗೆ ಒಂದರಿಂದ ಐದು ಎಕರೆ ನೆಲದ ಭರವಸೆಯಿತ್ತಿತು. ಭರವಸೆ ಕೈಗೂಡದಿರಲು, 2003ರಲ್ಲಿ ಮುತ್ತಂಗದ ಕಾಡನ್ನು ಹೊಕ್ಕರು. ಫೆಬ್ರವರಿ 19ರಂದು ಗೋಲಿಬಾರಾಯಿತು. ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಮಡಿದರು.

ಕ್ಯಾಲಿಫೋರ್ನಿಯದಲ್ಲಿ 1962ರಲ್ಲಿ ಸಂಘ ಕಟ್ಟಿದ ಸೀಸರ್ ಷಾವೆಜ್ ಇಲ್ಲಿ ನೆನಪಾಗುತ್ತಾರೆ. ಅವರೂ ಗಡಿಯಿಂದ ಇಬ್ಭಾಗವಾದ ಮೆಕ್ಸಿಕನ್ ಜನದಿಂದ ಬಂದವರು. ಆದರೆ ಅವರು ತೋಟದ ಮಾಲೀಕರಿಂದ ಬಯಸಿದ್ದು ಕೂಲಿಯ ಕರಾರು; ಗಡಿಯಾಚೆಯ ಕೂಲಿಗಳು ಮುಷ್ಕರ ಮುರಿಯುವರೆಂದು ಅವರ ಸಂಘ ವಿರೋಧಿಸಿದ್ದೂ ಉಂಟು. ಜಾನು ಅವರು ಕೂಲಿಯ ಕರಾರನ್ನು ದಾಟಿ ನೆಲವನ್ನೇ ಕೇಳಿದರು.

ಕೊಡಗಿನಲ್ಲಿ ಅದೇ ಬೇಡಿಕೆ ದಿಡ್ಡಳ್ಳಿಯಲ್ಲಿ ಎದ್ದಿತು. ತೋಟಗಳ ಲೈನುಮನೆಗಳನ್ನು ಬಿಟ್ಟುಬಂದ ಎರವರೂ ಜೇನುಕುರುಬರೂ ಅಲ್ಲಿ ಗುಡಿಸಲು ಕಟ್ಟಿದ್ದರು. 2016ರ ಡಿಸೆಂಬರಿನಲ್ಲಿ ಅವನ್ನು ಕೆಡವಲಾಯಿತು. ಇದನ್ನು ಮುತ್ತಂಗದ ಅನುಕರಣೆಯೆಂದು ನಾವು ಹೇಳುವುದಿಲ್ಲ. ಲೈನುಮನೆಯಲ್ಲಿ ಕೆಲಸ ಬಿಟ್ಟವನಿಗೆ ಸೂರೂ ಇಲ್ಲ. ಆ ಸ್ಥಿತಿಯಿಂದ ಈ ಬೇಡಿಕೆ ತಾನಾಗಿ ಹುಟ್ಟಬಲ್ಲುದು. ತರುವಾಯ ಅವರಲ್ಲಿ ಅನೇಕರಿಗೆ ಬಸವನಹಳ್ಳಿಯಲ್ಲೂ ಬ್ಯಾಡಗೊಟ್ಟದಲ್ಲೂ ಮನೆಗಳು ದೊರೆತವು. ಅವರು ಕೇಳಿದ್ದು ದಿಡ್ಡಳ್ಳಿಯ ನೆಲವನ್ನು.