ಕಲ್ಯಾಣದ ನಾಲ್ಕು ಪುಸ್ತಕಗಳು

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಅರಸ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಸುಮಾರು ಒಂಬೈನೂರು ವರ್ಷಗಳಿಂದ ಆ ಅಕ್ಷರಗಳು ಮಳೆ ಬಿಸಿಲಿಗೆ ಒಡ್ಡಿಕೊಂಡು ನಿಂತಿವೆ. ಕಲ್ಲಿನ ಮೇಲೆ ಬರೆದದ್ದು ಓದುವವರಿಲ್ಲದಿದ್ದರೂ ಉಳಿಯುತ್ತದೆ. ತಾಳೆಗರಿಗೆ ಆ ಭಾಗ್ಯವಿಲ್ಲ. ಗರಿಯನ್ನು ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ‘ಇದು ನನಗೆ ಬೇಕು’ ಎಂದು ಯಾರಾದರೂ ಹೊಸ ಗರಿಗೆ ನಕಲು ಮಾಡಿಕೊಂಡರೆ ಮಾತ್ರ ಪುಸ್ತಕ ಮುಂದಿನ ತಲೆಮಾರಿಗೆ ದಾಟುತ್ತದೆ.

ಆ ವಿಕ್ರಮಾದಿತ್ಯನ ರಾಜಧಾನಿ ಪಕ್ಕದ ತಾಲ್ಲೂಕಿನಲ್ಲೇ ಇದೆ. ಅಂದಿನ ಕಲ್ಯಾಣ, ಇಂದಿನ ಬಸವಕಲ್ಯಾಣ. ಹನ್ನೊಂದನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದ ಮಧ್ಯದವರೆಗೆ, ನೂರು ವರ್ಷಗಳೊಳಗೆ, ಈ ಊರಿನಲ್ಲಿ ನಾಲ್ಕು ಬಗೆಯ ಬರವಣಿಗೆ ಹುಟ್ಟಿತು: ಒಂದು ಕಾನೂನಿನ ಗ್ರಂಥ, ಒಂದು ರಾಜಚರಿತೆ, ಒಂದು ವಿಶ್ವಕೋಶ ಮತ್ತು ವಚನಗಳು. ನಾಲ್ಕೂ ಒಂದೇ ನೀರು ಕುಡಿದವು. ಆದರೆ ನಮ್ಮ ಕೈಗೆ ಅವು ಬಂದ ದಾರಿಗಳು ಬೇರೆ ಬೇರೆ. ಓದಲು ಯೋಗ್ಯವಾದ ಪುಸ್ತಕ ಯಾವುದು, ಅದನ್ನು ಹುಡುಕುವುದು ಹೇಗೆ ಎಂದು ಕೇಳುವ ವಿದ್ಯಾರ್ಥಿಗೆ ಆ ದಾರಿಗಳೇ ಒಂದು ಪಾಠ.

ಮೊದಲನೆಯದು ‘ಮಿತಾಕ್ಷರ’. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಇದು. ಈ ಪುಸ್ತಕ ಕಳೆದುಹೋಗಲೇ ಇಲ್ಲ, ಏಕೆಂದರೆ ಜನ ಆಸ್ತಿಗಾಗಿ ಜಗಳವಾಡುವುದನ್ನು ಎಂದೂ ಬಿಟ್ಟಿಲ್ಲ. ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಇದರ ವಾದವನ್ನು ಬಂಗಾಳವನ್ನು ಬಿಟ್ಟು ಭಾರತದ ಹೆಚ್ಚಿನ ಭಾಗದಲ್ಲಿ ಒಪ್ಪಿಕೊಂಡರು. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಇದನ್ನೇ ಆಧಾರವಾಗಿ ಹಿಡಿದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಿತಾಕ್ಷರದ ಹೆಸರೇ ಇದೆ. ಇಂದಿಗೂ ಹುಮನಾಬಾದಿನ ರೈತನೊಬ್ಬ ಪಾಲು ಕೇಳಿ ದಾವೆ ಹೂಡಿದರೆ, ವಕೀಲರ ವಾದದಲ್ಲಿ ನೆರೆಯ ಊರಿನಲ್ಲಿ ಒಂಬತ್ತು ಶತಮಾನಗಳ ಹಿಂದೆ ಬರೆದ ಪುಸ್ತಕದ ಹೆಸರು ಬರಬಹುದು. ಅದು ಅಲ್ಲೇ ಬರೆದದ್ದು ಎಂದು ಆ ರೈತನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಬಳಕೆಯಲ್ಲಿರುವ ಪುಸ್ತಕವನ್ನೂ ನಾವು ಓದಿಲ್ಲದೆ ಇರಬಹುದು ಎಂಬುದಕ್ಕೆ ಇದು ಉದಾಹರಣೆ. ಮಿತಾಕ್ಷರವೆಂದರೆ ಹೆಣ್ಣುಮಕ್ಕಳಿಗೆ ಪಾಲು ಕೊಡದ ಶಾಸ್ತ್ರ ಎಂಬುದು ಸಾಮಾನ್ಯ ತಿಳಿವಳಿಕೆ. ಹುಟ್ಟಿನ ಹಕ್ಕು ಗಂಡುಮಕ್ಕಳಿಗೆ ಮಾತ್ರ ಎಂಬುದು ನಿಜ. ಅದನ್ನು ಸರಿಪಡಿಸಲು ಕರ್ನಾಟಕ 1994ರಲ್ಲೂ ಇಡೀ ದೇಶ 2005ರಲ್ಲೂ ಕಾಯ್ದೆಯನ್ನು ತಿದ್ದಬೇಕಾಯಿತು. ಆದರೆ ಅದೇ ವಿಜ್ಞಾನೇಶ್ವರ ಸ್ತ್ರೀಧನ ಎಂಬ ಮಾತಿಗೆ ಬಹಳ ವಿಶಾಲವಾದ ಅರ್ಥ ಹೇಳಿದ. ಪಾಲಾಗಿ ಬೇರೆಯಾದವನು ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಆಸ್ತಿ ವಿಧವೆಗೆ ಸೇರಬೇಕೆಂದೂ ವಾದಿಸಿದ. ಪುಸ್ತಕದ ಬಗ್ಗೆ ಕೇಳುವುದಕ್ಕೂ ಪುಸ್ತಕ ಓದುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಕೇಳಿದವನಿಗೆ ಒಂದು ತೀರ್ಮಾನ ಸಿಗುತ್ತದೆ. ಓದಿದವನಿಗೆ ಆ ತೀರ್ಮಾನದ ಹಿಂದಿನ ಚರ್ಚೆ ಸಿಗುತ್ತದೆ.

ಎರಡನೆಯದು ಬಿಲ್ಹಣನ ‘ವಿಕ್ರಮಾಂಕದೇವಚರಿತ’. ಬಿಲ್ಹಣ ಕಾಶ್ಮೀರದವನು. ಊರೂರು ಸುತ್ತಿ ಕಲ್ಯಾಣಕ್ಕೆ ಬಂದು, ವಿಕ್ರಮಾದಿತ್ಯನ ಆಸ್ಥಾನದಲ್ಲಿ ಮನ್ನಣೆ ಪಡೆದು, ಅವನನ್ನೇ ನಾಯಕನನ್ನಾಗಿ ಮಾಡಿ ಹದಿನೆಂಟು ಸರ್ಗಗಳ ಸಂಸ್ಕೃತ ಕಾವ್ಯ ಬರೆದ. ಕೊನೆಯ ಸರ್ಗದಲ್ಲಿ ತನ್ನ ಊರಿನ, ಮನೆತನದ, ಅಲೆದಾಟದ ಕತೆಯನ್ನೂ ಹೇಳಿಕೊಂಡ. ಈ ಕಾವ್ಯ ಹೆಚ್ಚು ಕಡಿಮೆ ಮರೆತೇಹೋಗಿತ್ತು. 1874ರಲ್ಲಿ ಜರ್ಮನ್ ವಿದ್ವಾಂಸ ಗೆಯೋರ್ಗ್ ಬ್ಯೂಲರ್ ಹಸ್ತಪ್ರತಿಗಳನ್ನು ಹುಡುಕುತ್ತ ರಾಜಸ್ಥಾನದ ಜೈಸಲ್ಮೇರಿಗೆ ಹೋದಾಗ ಅಲ್ಲಿನ ಜೈನ ಭಂಡಾರದಲ್ಲಿ ತಾಳೆಗರಿಯ ಪ್ರತಿ ಕಣ್ಣಿಗೆ ಬಿತ್ತು. ಅವನೂ ಜೊತೆಗಿದ್ದ ತರುಣ ವಿದ್ವಾಂಸ ಹರ್ಮನ್ ಯಾಕೋಬಿಯೂ ಕೂತು ಅದನ್ನು ಕೈಯಾರೆ ನಕಲು ಮಾಡಿಕೊಂಡರು. ಮರುವರ್ಷ, 1875ರಲ್ಲಿ, ಅದು ಮುಂಬಯಿಯಲ್ಲಿ ಅಚ್ಚಾಯಿತು.

ಕನ್ನಡ ನಾಡಿನ ಅರಸನ ಮೇಲೆ ಕಾಶ್ಮೀರದ ಶೈವ ಕವಿ ಬರೆದ ಕಾವ್ಯವನ್ನು ಮರಳುಗಾಡಿನ ಜೈನರು ಏಕೆ ಕಾಪಾಡಿದರು? ಅದು ಅವರ ಧರ್ಮಗ್ರಂಥವಲ್ಲ, ಅವರ ಅರಸನ ಕತೆಯೂ ಅಲ್ಲ. ಶಾಸ್ತ್ರದಾನ ಪುಣ್ಯವೆಂದು ನಂಬಿದ ಜೈನರು ತಮ್ಮ ಭಂಡಾರಗಳಲ್ಲಿ ಅನ್ಯಮತದ ಕಾವ್ಯ, ವ್ಯಾಕರಣ, ತರ್ಕಗಳಿಗೂ ಜಾಗ ಕೊಟ್ಟರು. ತಮಗೆ ಒಪ್ಪಿಗೆಯಾದದ್ದನ್ನು ಮಾತ್ರ ಇಟ್ಟುಕೊಳ್ಳುವ ಗ್ರಂಥಾಲಯವಾಗಿದ್ದರೆ ನಮಗೆ ಬಿಲ್ಹಣ ಸಿಗುತ್ತಿರಲಿಲ್ಲ.

ಈ ಕಾವ್ಯವನ್ನು ಓದುವಾಗ ಎಚ್ಚರವೂ ಬೇಕು. ವಿಕ್ರಮಾದಿತ್ಯ ಸಿಂಹಾಸನ ಏರಿದ್ದು ತನ್ನ ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ. ಬಿಲ್ಹಣನ ಪ್ರಕಾರ ತಮ್ಮನಿಗೆ ರಾಜ್ಯದ ಆಸೆಯೇ ಇರಲಿಲ್ಲ. ಶಿವನೇ ಅಪ್ಪಣೆ ಕೊಟ್ಟಿದ್ದರಿಂದ ಒಪ್ಪಬೇಕಾಯಿತು. ಅನ್ನ ಕೊಟ್ಟವನ ಕತೆ ಬರೆಯುವ ಕವಿ ಇನ್ನೇನು ಹೇಳಿಯಾನು? ಇತಿಹಾಸಕಾರರು ಈ ಕಾವ್ಯವನ್ನು ಶಾಸನಗಳ ಪಕ್ಕದಲ್ಲಿಟ್ಟು ಓದುತ್ತಾರೆ. ಗೆದ್ದವನು ತನ್ನ ಗೆಲುವನ್ನು ಧರ್ಮವೆಂದು ಹೇಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ಕಲ್ಯಾಣದಲ್ಲಿ ಹುಟ್ಟಿಲ್ಲ. ಆ ಪಾಠಕ್ಕೆ ಇಂದಿಗೂ ಬೆಲೆಯಿದೆ.

ಮೂರನೆಯದು ‘ಮಾನಸೋಲ್ಲಾಸ’. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ (1126–1138) ಅರಸನಾಗಿದ್ದುಕೊಂಡೇ ಬರೆದ ಗ್ರಂಥ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜನೀತಿ, ಆನೆ ಹಿಡಿಯುವುದು, ಚಿತ್ರಕಲೆ, ಸಂಗೀತ, ಕುಸ್ತಿ, ಅಡುಗೆ ಎಲ್ಲವೂ ಇದರಲ್ಲಿದೆ. ಉದ್ದಿನ ಹಿಟ್ಟಿನ ‘ಇಡ್ಡರಿಕಾ’ ಮತ್ತು ‘ದೋಸಕ’ ಎಂಬ ತಿಂಡಿಗಳಿವೆ. ಹೊಲದ ಇಲಿಯನ್ನು ಸುಟ್ಟು ಬೇಯಿಸುವ ಕ್ರಮವೂ ಇದೆ. ಈ ಪುಸ್ತಕ ಅಚ್ಚಾದ ಕತೆ ತಾಳ್ಮೆಯ ಕತೆ. ಬರೋಡಾದ ಗಾಯಕವಾಡ ಮಾಲೆಯಲ್ಲಿ ಮೊದಲ ಸಂಪುಟ 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ ಬಂದವು. ಮೊದಲ ಸಂಪುಟವನ್ನು ಓದಿದ ಹುಡುಗ ಮೂರನೆಯದನ್ನು ಓದುವ ಹೊತ್ತಿಗೆ ನಡುವಯಸ್ಸು ದಾಟಿರುತ್ತಾನೆ.

ಮಾನಸೋಲ್ಲಾಸದಲ್ಲಿ ಊಟದ ಎಲೆ ತುಂಬಿದೆ. ಆದರೆ ಆ ಉದ್ದನ್ನು ಬೆಳೆದವರು, ರುಬ್ಬಿದವರು, ಎಲೆ ಎತ್ತಿದವರು ಅದರಲ್ಲಿ ಮಾತನಾಡುವುದಿಲ್ಲ. ಅರಸನ ಅಡುಗೆಮನೆಯಿಂದ ಕಾಣುವ ಕಲ್ಯಾಣ ಅದು. ಆ ಕೊರತೆಯನ್ನು ತುಂಬಿದ್ದು ಮೂರು ದಶಕಗಳ ನಂತರ, ಬಿಜ್ಜಳನ ಕಾಲದಲ್ಲಿ, ಅದೇ ಊರಿನಲ್ಲಿ ಹುಟ್ಟಿದ ನಾಲ್ಕನೆಯ ಬಗೆಯ ಬರವಣಿಗೆ.

ವಚನಕಾರರಲ್ಲಿ ಮಡಿವಾಳ ಮಾಚಯ್ಯನಿದ್ದಾನೆ, ಅಂಬಿಗರ ಚೌಡಯ್ಯನಿದ್ದಾನೆ, ಸೂಳೆ ಸಂಕವ್ವೆ ಇದ್ದಾಳೆ, ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಲಕ್ಕಮ್ಮನ ಗಂಡ ಮಾರಯ್ಯ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆಯಾಗುತ್ತದೆ, ತಿರುಗಿ ಒಯ್ದು ಹಾಕು ಎಂದಳಂತೆ. ಈ ಕತೆಯನ್ನು ಮಿತಾಕ್ಷರದ ಪಕ್ಕದಲ್ಲಿಟ್ಟು ನೋಡಿ. ಇರುವ ಆಸ್ತಿಯನ್ನು ಯಾರಿಗೆ ಎಷ್ಟು ಹಂಚಬೇಕೆಂದು ಒಬ್ಬ ಪಂಡಿತ ನೂರಾರು ಗರಿಗಳಲ್ಲಿ ಚರ್ಚಿಸಿದ ಊರಿನಲ್ಲಿ, ಬೇಕಾದದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ಸರಿಯೇ ಎಂದು ಒಬ್ಬ ಹೆಂಗಸು ಕೇಳಿದಳು. ಎರಡೂ ಓದಿದವನಿಗೆ ಮಾತ್ರ ಈ ಎರಡು ದನಿಗಳ ನಡುವಿನ ವಾದ ಕೇಳಿಸುತ್ತದೆ.

ವಚನಗಳು ಉಳಿದ ದಾರಿ ಇನ್ನೂ ಕಷ್ಟದ್ದು. ಕಲ್ಯಾಣದಲ್ಲಿ ಕ್ಷೋಭೆಯಾಗಿ ಶರಣರು ಚದುರಿಹೋದರು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ, ವಚನಗಳನ್ನು ಹುಡುಕಿ ಜೋಡಿಸುವ ದೊಡ್ಡ ಕೆಲಸ ನಡೆಯಿತು. ಶೂನ್ಯಸಂಪಾದನೆಗಳು ಹುಟ್ಟಿದ್ದು ಆಗಲೇ. ಆಮೇಲೆ ಗರಿಕಟ್ಟುಗಳು ಮಠಗಳಲ್ಲೂ ಮನೆಗಳ ಜಗಲಿಗಳಲ್ಲೂ ಪೂಜೆಗೊಂಡವು, ಓದುವವರು ಕಡಿಮೆಯಾದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವು ಸಂಗ್ರಹಗಳು ಅಚ್ಚಾದವಾದರೂ ಮನೆಮನೆಗೆ ತಿರುಗಿ ಹಸ್ತಪ್ರತಿ ಕೂಡಿಸಿ, ಪಾಠ ಹೋಲಿಸಿ, ವಿಷಯವಾರು ಜೋಡಿಸಿ ಕೊಟ್ಟವರು ವಿಜಯಪುರದ ವಕೀಲ ಫ. ಗು. ಹಳಕಟ್ಟಿ (1880–1964). ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಹಳಕಟ್ಟಿಯವರು ತಾವೇ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಪೂಜೆಗಿಟ್ಟ ಪುಸ್ತಕವನ್ನು ಓದುವ ಪುಸ್ತಕವನ್ನಾಗಿ ಮಾಡಿದ್ದು ಅವರ ಸಾಧನೆ. ಆ ಕೆಲಸ ಮುಂದುವರಿದು 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು.

ಇಷ್ಟೆಲ್ಲ ನಡೆಯುವಾಗ ಕಲ್ಯಾಣದ ಜನ ಏನು ಓದುತ್ತಿದ್ದರು? ಬ್ಯೂಲರ್ ಜೈಸಲ್ಮೇರಿನಲ್ಲಿ ನಕಲು ಮಾಡುತ್ತಿದ್ದಾಗಲೂ ಹಳಕಟ್ಟಿಯವರು ವಿಜಯಪುರದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದಾಗಲೂ ಈ ಸೀಮೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಹಳಕಟ್ಟಿಯವರ ಹೊತ್ತಿಗೆ ಆಡಳಿತದ ಭಾಷೆ, ಮೇಲಿನ ಶಿಕ್ಷಣದ ಭಾಷೆ ಉರ್ದು. ಊರಿನ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಬೆರೆತಿದ್ದವು. ಲಾಡವಂತಿಯಲ್ಲಿ ಹುಟ್ಟಿ ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (1817–1865) ಮರಾಠಿಯಲ್ಲೂ ಕನ್ನಡದಲ್ಲೂ ಹಿಂದುಸ್ತಾನಿಯಲ್ಲೂ ಪದ ಹಾಡಿದರು. ಹಲವು ಭಾಷೆ ಇದ್ದದ್ದು ಈ ಸೀಮೆಯ ಸಿರಿ. ಆದರೆ ಕನ್ನಡ ಓದು ಬರಹ ಕಲಿಯುವ ಶಾಲೆ ಸುಲಭವಾಗಿ ಸಿಗುತ್ತಿರಲಿಲ್ಲ. ನೆರೆಯ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಬೀದರ್ ಜಿಲ್ಲೆಯವರು ಇಂದಿಗೂ ನೆನೆಯುತ್ತಾರೆ. ವಚನಗಳು ಹುಟ್ಟಿದ ಸೀಮೆಯಲ್ಲೇ ವಚನ ಓದಲು ಬೇಕಾದ ಅಕ್ಷರವನ್ನು ಹೀಗೆ ಮರೆಯಲ್ಲಿ ಕಲಿಸಬೇಕಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರಲ್ಲಿ ಬೀದರ್ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸ್ಥಿತಿ ಬದಲಾಯಿತು.

ಅಕ್ಷರದ ಅಡ್ಡಿಯನ್ನು ಓದುಗಿಯೇ ದಾಟಿದ ಉದಾಹರಣೆಯೂ ಇದೆ. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಅವರು ಸ್ವಂತ ಪ್ರಯತ್ನದಿಂದ ಕಲಿತರು. ವಚನಗಳನ್ನು ಮರಾಠಿಗೆ ಅನುವಾದಿಸಿದರು, ಕನ್ನಡದಲ್ಲಿ ‘ಸಿದ್ಧರಾಮ ಪುರಾಣ’ವನ್ನು ತ್ರಿಪದಿಯಲ್ಲಿ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಅವರೇ. ಮುಂದೆ ಬಸವಕಲ್ಯಾಣಕ್ಕೇ ಬಂದು ನೆಲೆಸಿದರು. ಓದಿನಿಂದ ಏನು ಲಾಭ ಎಂದು ಕೇಳುವವರಿಗೆ ಅವರ ಬದುಕನ್ನು ತೋರಿಸಬಹುದು: ಓದಿನ ಹಂಬಲದಿಂದ ಒಂದು ಭಾಷೆ ಸಿಕ್ಕಿತು, ಆ ಭಾಷೆಯಿಂದ ಒಂದು ಊರು ಸಿಕ್ಕಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಓದಲು ಯೋಗ್ಯವಾದ ಪುಸ್ತಕ ಯಾವುದು? ಕಲ್ಯಾಣದ ನಾಲ್ಕರಲ್ಲಿ ಒಂದನ್ನೇ ಆರಿಸಿ ಎಂದರೆ ಯಾವುದನ್ನು ಆರಿಸಿದರೂ ಅರ್ಧ ಊರು ತಪ್ಪುತ್ತದೆ. ಬಿಲ್ಹಣನನ್ನು ಮಾತ್ರ ಓದಿದವನು ಅರಸನ ಭಕ್ತನಾಗುತ್ತಾನೆ. ವಚನ ಮಾತ್ರ ಓದಿದವನಿಗೆ ಶರಣರು ಎದುರಿಸಿದ ವ್ಯವಸ್ಥೆ ಎಷ್ಟು ಬಲವಾಗಿತ್ತು, ಎಷ್ಟು ಸೊಗಸಾಗಿಯೂ ಇತ್ತು ಎಂಬುದು ತಿಳಿಯುವುದಿಲ್ಲ. ಒಂದು ಪುಸ್ತಕ ಬಿಟ್ಟ ಮಾತನ್ನು ಇನ್ನೊಂದು ಆಡುತ್ತದೆ. ಆದ್ದರಿಂದ ಪಟ್ಟಿ ಹುಡುಕುವ ಬದಲು ಓದುತ್ತಿರುವ ಪುಸ್ತಕದಲ್ಲಿ ಯಾರು ಮಾತನಾಡುತ್ತಿಲ್ಲ ಎಂದು ಕೇಳಿಕೊಳ್ಳಿ. ಮುಂದೆ ಓದಬೇಕಾದ ಪುಸ್ತಕದ ಸುಳಿವು ಆ ಪ್ರಶ್ನೆಯಲ್ಲಿರುತ್ತದೆ.

ಹುಡುಕುವ ಕೆಲಸ ಈಗ ಹಗುರಾಗಿದೆ. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದ್ದನ್ನು ‘ವಚನ ಸಂಚಯ’ ಜಾಲತಾಣದಲ್ಲಿ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಿಂತ ವಿದ್ಯಾರ್ಥಿಯೂ ಮೊಬೈಲಿನಲ್ಲಿ ತೆರೆಯಬಹುದು. ಒಂದು ಪದ ಕೊಟ್ಟು ಅದು ಬರುವ ವಚನಗಳನ್ನು ಹುಡುಕಬಹುದು. ‘ಅಕ್ಕಿ’ ಎಂಬ ಪದದಿಂದ ಆರಂಭಿಸಿದರೂ ಸರಿ. ಜೈಸಲ್ಮೇರಿನ ಭಂಡಾರಿಗಳೂ ವಿಜಯಪುರದ ವಕೀಲರೂ ಭಾಲ್ಕಿಯ ಸ್ವಾಮಿಗಳೂ ತಮ್ಮ ಪಾಲಿನ ಕೆಲಸ ಮಾಡಿ ಹೋಗಿದ್ದಾರೆ. ತೆರೆದು ಓದುವ ಕೆಲಸ ಮಾತ್ರ ನಮಗೆ ಉಳಿದಿದೆ.